ನೂರಡಿಯ ಮಾತು

ಹಿಂದಿನ ಕುರ್ಚಿಯಿಂದ ಮಂಜಪ್ಪ "ಯಾವ ದೀಪ?" ಎಂದು ಕೇಳಿದಾಗ ಕ್ಯಾಪ್ಟನ್‌ಗೆ ಮೊದಲು ಪ್ರಶ್ನೆಯೇ ತಲೆಗೆ ಹೋಗಲಿಲ್ಲ.

ಡಬ್ಬಿ ನಿಂತುಬಿಟ್ಟಿತ್ತು. ಆಗಷ್ಟೇ ನಡುಗುತ್ತ ನೆಲದ ಕಡೆ ಜಾರುತ್ತಿದ್ದ ವಿಮಾನ ಈಗ ಗಾಳಿಗೆ ಮೊಳೆ ಹೊಡೆದು ತಗುಲಿಹಾಕಿದ ಹಾಗೆ ನಿಶ್ಚಲವಾಗಿತ್ತು. ಗಾಜಿನಾಚೆ ಬರೀ ಬೂದುಬಣ್ಣ. ಅವಳ ಕೈ ಇನ್ನೂ ಹಿಡಿಕೆಯ ಮೇಲಿತ್ತು. "ಲ್ಯಾಂಡಿಂಗ್" ಎಂದ ಮಾತು ಇನ್ನೂ ಬಾಯಲ್ಲಿ ಬೆಚ್ಚಗಿತ್ತು.

"ರನ್‌ವೇ ಮುಂದಿನ ಸಾಲುದೀಪ ಸರ್," ಎಂದಳು. "ದೀಪದ ಅಡ್ಡಪಟ್ಟಿ ಕೂಡ ಕಾಣಿಸ್ತು."

"ಬಣ್ಣ?"

"ಬಿಳಿ."

ಮಂಜಪ್ಪ ತಮ್ಮ ಪರದೆಯತ್ತ ಬಗ್ಗಿ ಇನ್ನೊಮ್ಮೆ ನೋಡಿಕೊಂಡರು. ಆಮೇಲೆ, ಮನೆಗೆ ಬಂದವರಿಗೆ ಸಕ್ಕರೆ ಮುಗಿದಿದೆ ಎಂದು ಹೇಳುವವರ ದನಿಯಲ್ಲಿ, "ಈ ಸಲ ನಾನು ದೀಪ ಹಾಕೇ ಇರಲಿಲ್ಲ ಕ್ಯಾಪ್ಟನ್," ಎಂದರು.

ಡಬ್ಬಿ ಎಂದರೆ ಸಿಮ್ಯುಲೇಟರ್. ದೊಡ್ಡ ಶೆಡ್ಡಿನೊಳಗೆ ಉಕ್ಕಿನ ಕಾಲುಗಳ ಮೇಲೆ ನಿಂತ ಕಿಟಕಿಯಿಲ್ಲದ ಬಿಳಿ ಗೂಡು. ಹೊರಗಿನಿಂದ ನೋಡಿದರೆ ಯಾರೋ ನೀರಿನ ಟ್ಯಾಂಕಿಗೆ ಜೇಡನ ಕಾಲು ಕಟ್ಟಿದ್ದಾರೆ ಅನ್ನಿಸಬೇಕು. ಒಳಗೆ ಹೋದರೆ ಥೇಟು ವಿಮಾನದ ಮೂತಿ. ಅದೇ ಎರಡು ಕುರ್ಚಿ, ಅದೇ ಪರದೆಗಳು, ಸಾವಿರ ಬೆರಳು ತಾಗಿ ಅಕ್ಷರ ಸವೆದ ಅದೇ ಗುಂಡಿಗಳು. ವರ್ಷಕ್ಕೆರಡು ಸಲ ಕಂಪನಿಯ ಪ್ರತಿಯೊಬ್ಬ ಪೈಲಟ್ಟೂ ಅದರೊಳಗೆ ಕೂತು, ಎಂಜಿನ್ನಿಗೆ ಬೆಂಕಿ ಬಿದ್ದರೆ ಏನು, ಚಕ್ರ ಇಳಿಯದಿದ್ದರೆ ಏನು, ಮಂಜು ಕವಿದರೆ ಏನು ಎಂದು ಮಾಡಿ ತೋರಿಸಬೇಕು. ಬೆನ್ನ ಹಿಂದೆ ಪರೀಕ್ಷಕರು ಕೂತು ಬೆರಳ ತುದಿಯಲ್ಲಿ ಬೆಂಕಿ ಹಚ್ಚುತ್ತಾರೆ, ಗಾಳಿ ಬೀಸುತ್ತಾರೆ. ಈ ಪರೀಕ್ಷಕರ ಪಾಲಿಗೆ ಮಂಜಿನ ಪರೀಕ್ಷೆ ಬಂದು ಎಷ್ಟೋ ವರ್ಷವಾದ್ದರಿಂದ ಅವರು ಎಲ್ಲರ ಬಾಯಲ್ಲೂ ಮಂಜಪ್ಪ. ಅದು ಅವರಿಗೂ ಗೊತ್ತಿತ್ತು. ಒಂದು ಸಲ ಕ್ಯಾಂಟೀನಿಗೆ ಫೋನ್ ಮಾಡಿ ತಾವೇ "ಮಂಜಪ್ಪ ಮಾತಾಡ್ತಿರೋದು, ಎರಡು ಕಾಫಿ ಕಳಿಸಿ" ಅಂದಿದ್ದರಂತೆ.

ಮಂಜಿನಲ್ಲಿ ಇಳಿಸುವುದಕ್ಕೆ ಅವರ ಕಂಪನಿಯಲ್ಲಿ ಒಂದು ಪದ್ಧತಿಯಿತ್ತು. ಬಲಗಡೆ ಕೂತ ಕೋ-ಪೈಲಟ್ ವಿಮಾನ ನಡೆಸುತ್ತಾನೆ, ಆದರೆ ತಲೆ ಎತ್ತುವ ಹಾಗಿಲ್ಲ; ಅವನ ಕಣ್ಣು ಕೊನೆಯ ತನಕ ಪರದೆಗಳ ಮೇಲೇ ಇರಬೇಕು. ಎಡಗಡೆಯ ಕ್ಯಾಪ್ಟನ್ ಮಾತ್ರ ಕಣ್ಣನ್ನು ಹೊರಗಿಟ್ಟು ಕೂರುವುದು. ನೆಲ ಇನ್ನು ನೂರಡಿ ಇದೆ ಎನ್ನುವಾಗ ವಿಮಾನವೇ ಗಡಸು ದನಿಯಲ್ಲಿ "ಮಿನಿಮಮ್" ಎಂದು ಕೂಗುತ್ತದೆ. ಅಷ್ಟರಲ್ಲಿ ದೀಪ ಕಂಡಿದ್ದರೆ ಕ್ಯಾಪ್ಟನ್ "ಲ್ಯಾಂಡಿಂಗ್" ಎಂದು ಹೇಳಿ ಹಿಡಿಕೆಯನ್ನು ತಾನು ತೆಗೆದುಕೊಂಡು ಇಳಿಸಬೇಕು. ಕಾಣದಿದ್ದರೆ ಏನೂ ಹೇಳಬೇಕಾಗಿಲ್ಲ. ಮಾತು ಬರಲಿಲ್ಲವೆಂದರೆ ಕೋ-ಪೈಲಟ್ ಯಾರ ಮುಖವನ್ನೂ ನೋಡದೆ ವಿಮಾನವನ್ನು ಮೇಲಕ್ಕೆತ್ತುತ್ತಾನೆ. ಊರಿಗೆಲ್ಲ ಮೌನವೇ ಸಮ್ಮತಿಯಾದರೆ ಇಲ್ಲಿ ಮೌನ ಎಂದರೆ ಬೇಡ. "ಕ್ಯಾಪ್ಟನ್ ಕೂತಲ್ಲೇ ಪ್ರಾಣ ಬಿಟ್ರೂ ವಿಮಾನ ಮೇಲೆ ಹೋಗುತ್ತೆ ನೋಡ್ರಪ್ಪ, ಅಷ್ಟು ಒಳ್ಳೇ ಪದ್ಧತಿ," ಎಂದು ಮಂಜಪ್ಪ ಹೊಸಬರಿಗೆ ಹೇಳುತ್ತಿದ್ದರು. ಇಡೀ ಏರ್ಪಾಟು ನಿಂತಿರುವುದು ಒಬ್ಬರ ಕಣ್ಣು ಮತ್ತು ಆ ಒಬ್ಬರ ಒಂದು ಮಾತಿನ ಮೇಲೆ. ಅವರು ನೋಡಿದ್ದನ್ನು ನೋಡಿದ ಇನ್ನೊಬ್ಬ ಸಾಕ್ಷಿ ಇರುವುದಿಲ್ಲ.

"ಇನ್ನೊಂದು ಸಲ ಮಾಡೋಣ್ವಾ ಸರ್?" ಎಂದಳು ಕ್ಯಾಪ್ಟನ್.

"ಇವತ್ತಿಗೆ ಸಾಕಮ್ಮ."

ಅಮ್ಮ ಅಂದರು. ಮೇಡಂ ಅನ್ನಲಿಲ್ಲ, ಕ್ಯಾಪ್ಟನ್ ಅನ್ನಲಿಲ್ಲ. ಬಲಗಡೆ ಕೂತಿದ್ದ ಕೋ-ಪೈಲಟ್ ಕಿವಿಯಿಂದ ಹೆಡ್‌ಸೆಟ್ ತೆಗೆದು ವೈರನ್ನು ಅತಿ ಜಾಗ್ರತೆಯಿಂದ ಸುತ್ತತೊಡಗಿದ. ಅವನನ್ನು ಎಲ್ಲರೂ ಪುರಾಣ ಎನ್ನುತ್ತಿದ್ದರು. ಒಂದು ಲೋಟ ನೀರು ಕುಡಿದದ್ದನ್ನೂ ಅರ್ಧ ಗಂಟೆ ಹೇಳಬಲ್ಲವನು. ಅವನೇ ಈಗ ಮಾತಾಡದೆ ವೈರು ಸುತ್ತುತ್ತಿದ್ದ.

ಪಕ್ಕದ ಸಣ್ಣ ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಒರೆಸಿದರೂ ಹೋಗದ ಹಳೆಯ ಗೆರೆಗಳಿದ್ದ ಬಿಳಿ ಹಲಗೆ. ಮಂಜಪ್ಪ ಪುರಾಣನನ್ನು ಹೊರಗೆ ಕಳಿಸಿ ಬಾಗಿಲು ಮುಂದೆ ಮಾಡಿದರು.

"ಕಂಡದ್ದೋ, ಬಾಯಿಗೆ ಬಂದದ್ದೋ?"

ಅವಳು ಹಲಗೆಯ ಮೇಲಿನ ಹಳೆಯ ಗೆರೆಯೊಂದನ್ನು ಹೆಬ್ಬೆರಳಿನಿಂದ ಉಜ್ಜಿದಳು.

"ಯಾಕೆ ಕೇಳ್ತಿದೀನಿ ಅಂದ್ರೆ, ವರದಿಲಿ ಕಾರಣ ಬರೀಬೇಕು. ಅಭ್ಯಾಸಬಲದಿಂದ ಬಾಯಿಗೆ ಬಂತು ಅಂದ್ರೆ ಅದು ತರಬೇತಿ ವಿಷಯ. ಎರಡು ದಿನ ಇಲ್ಲೇ ಕೂರಿಸಿ ರುಬ್ಬಿಸ್ತೀನಿ, ಮತ್ತೊಂದು ಪರೀಕ್ಷೆ, ಅಲ್ಲಿಗೆ ಮುಗೀತು. ಕಂಡಿತು ಅಂದ್ರೆ, ಇಲ್ಲದ ದೀಪ ಕಂಡಿತು ಅಂದ್ರೆ, ಅದು ನನ್ನ ಕೈ ಮೀರಿದ್ದು. ಡಾಕ್ಟರ ಹತ್ರ ಕಳಿಸ್ಬೇಕು. ಅವರು ತಲೆಯೊಳಗೆಲ್ಲ ಬ್ಯಾಟರಿ ಬಿಟ್ಟು ನೋಡಿ ಮುಗಿಸೋತನಕ ನೀವು ವಿಮಾನದ ಹತ್ರ ಸುಳಿಯೋ ಹಾಗಿಲ್ಲ."

"ಎರಡೂ ಅಲ್ಲ ಸರ್. ಅಂದ್ರೆ, ಗೊತ್ತಿಲ್ಲ."

"ಗೊತ್ತಿಲ್ಲ ಅನ್ನೋದಕ್ಕೆ ಜಾಗ ಇಲ್ಲ."

"ನಿಜವಾಗ್ಲೂ ಗೊತ್ತಿಲ್ಲ."

"ನಿಜ ಇರಬಹುದು, ಜಾಗ ಇಲ್ಲ ಅಂದೆ." ಮಂಜಪ್ಪ ಕನ್ನಡಕ ತೆಗೆದು ಮೂಗಿನ ಮೇಲಿನ ಗುಳಿಗಳನ್ನು ಉಜ್ಜಿಕೊಂಡರು. "ನೋಡಿ, ನೀವು ಬಲಗಡೆ ಸೀಟಲ್ಲಿ ಕೂತಿದ್ದಾಗಿಂದ ನಿಮ್ಮನ್ನ ನೋಡ್ತಿದೀನಿ. ನಾಳೆ ಬೆಳಿಗ್ಗೆ ಬಂದು ಅಭ್ಯಾಸ ಅಂತ ಹೇಳಿ. ದೊಡ್ಡವನ ಮಾತು ಒಂದು ಸಲ ಕೇಳಿ."

ಎರಡರಲ್ಲಿ ಒಂದನ್ನೂ ಒಪ್ಪದೆ ಮಂಜಿನಲ್ಲಿ ಇಳಿಸುವ ಅರ್ಹತೆ ಕಳೆದುಕೊಂಡರೆ ಪೈಲಟ್ ಕೆಲಸವೇನೂ ಹೋಗುವುದಿಲ್ಲ. ಬಿಸಿಲಿರುವ ಊರುಗಳಿಗೆ ಹಾರಬಹುದು. ಅವಳ ತೊಂದರೆ ಬೇರೆ. ಅವಳ ಊರಿನಲ್ಲಿ ಚಳಿಗಾಲವಿಡೀ ಬೆಳಿಗ್ಗೆ ಮಂಜು. ಅರ್ಹತೆ ಇಲ್ಲದವರನ್ನು ಕಂಪನಿ ಆ ತಿಂಗಳುಗಳಲ್ಲಿ ದಕ್ಷಿಣದ ಕರಾವಳಿ ಊರಿಗೆ ಹಾಕಿಬಿಡುತ್ತಿತ್ತು. ಗಂಡ ಆಸ್ಪತ್ರೆಯಲ್ಲಿ ನರ್ಸು, ತುರ್ತು ವಿಭಾಗದಲ್ಲಿ ರಾತ್ರಿ ಪಾಳಿ. ಅವಳದು ನಸುಕಿಗೆ ಎದ್ದು ಹೋಗಿ ಸಂಜೆಗೆ ಬರುವ ಕೆಲಸ. ಅವನು ಬರುವ ತನಕ ಮುಂಜಾನೆಯ ಒಂದು ತಾಸು ಪಕ್ಕದ ಮನೆಯಾಕೆ ಬಂದು ಮಲಗಿದ ಮಗುವಿನ ಪಕ್ಕ ಕೂರುತ್ತಿದ್ದಳು. ಇಬ್ಬರೂ ಹೆಚ್ಚಾಗಿ ಭೇಟಿಯಾಗುವುದು ಬಾಗಿಲ ಹೊಸಿಲಲ್ಲೇ. ಒಬ್ಬರು ಚಪ್ಪಲಿ ಬಿಡುವಾಗ ಇನ್ನೊಬ್ಬರು ಹಾಕಿಕೊಳ್ಳುತ್ತಿರುತ್ತಾರೆ. ಇದರಲ್ಲಿ ಒಂದು ಕಂಬ ಕಿತ್ತರೆ ಇಡೀ ಚಪ್ಪರ ಕೆಳಗೆ. ಮಗಳು ಪುಟ್ಟಿಯನ್ನು ದೊಡ್ಡಮ್ಮನ ಮನೆಗೆ ಕಳಿಸಬೇಕು.

ಹಿಂದೊಮ್ಮೆ ಹಾಗೆ ಕಳಿಸಿದ್ದರು. ಅಕ್ಕ ಕೆಟ್ಟವಳಲ್ಲ, ಶಿಸ್ತಿನವಳು. ತಿಂಗಳು ಕಳೆದು ವಾಪಸ್ ಬಂದ ಪುಟ್ಟಿ ತನ್ನ ಮನೆಯಲ್ಲೇ ಸೋಫಾದ ಪಕ್ಕ ನಿಂತು "ನಾನು ಕೂರಬಹುದಾ?" ಎಂದು ಕೇಳಿದ್ದಳು. ಆ ಅಭ್ಯಾಸ ಬಿಡಿಸಲು ಬೇಸಿಗೆ ಬರಬೇಕಾಯಿತು.

ಶೆಡ್ಡಿನ ಹೊರಗೆ ಪುರಾಣ ತನ್ನ ಬೈಕಿನ ಮೇಲೆ ಅಡ್ಡ ಕೂತು ಕಾಯುತ್ತಿದ್ದ.

"ಏನಂದ್ರು ಮೇಡಂ?"

"ಅಭ್ಯಾಸ ಅಂತ ಹೇಳು ಅಂದ್ರು."

"ಹೇಳಿಬಿಡಿ. ಇದರಲ್ಲಿ ತಲೆ ಕೆಡಿಸ್ಕೊಳ್ಳೋದೇನಿದೆ? ನಮ್ಮ ಚಿಕ್ಕಪ್ಪ ಒಬ್ರಿದ್ರು, ರೈಲ್ವೆ ಗೇಟ್ ಕಾಯೋರು. ಗೇಟ್ ಮುಚ್ಚಿದ್ಯಾ ಅಂತ ಯಾರಾದ್ರೂ ಕೇಳಿದ್ರೆ ನಿದ್ದೇಲೂ ಮುಚ್ಚಿದೆ ಅಂತಿದ್ರು. ಒಂದು ಸಲ ಚಿಕ್ಕಮ್ಮ..." ಅವನು ಅರ್ಧಕ್ಕೇ ನಿಲ್ಲಿಸಿದ. ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದ. "ಮೇಡಂ, ಒಂದು ಕೇಳ್ಲಾ? ಬೇಜಾರು ಮಾಡ್ಕೋಬಾರದು."

"ಕೇಳಪ್ಪ."

"ಹೋದ ಚಳಿಗಾಲ ನಾವಿಬ್ರೂ ಇಳಿಸಿದ್ವಲ್ಲ. ನಮ್ಮ ಹಿಂದೆ ಮುಂದೆ ಬಂದೋರೆಲ್ಲ ಬೇರೆ ಊರಿಗೆ ಹೋದ್ರು, ನಾವೊಬ್ರೇ ಇಳಿದದ್ದು. ಟರ್ಮಿನಲ್‌ನಲ್ಲಿ ಜನ ಚಪ್ಪಾಳೆ ಹೊಡೆದ್ರು, ನೆನಪಿದೆಯಾ?"

"ಇದೆ."

"ನಾನು ತಲೆ ಎತ್ತಿರಲಿಲ್ಲ. ಎತ್ತೋ ಹಾಗಿಲ್ವಲ್ಲ. ನೀವು ಲ್ಯಾಂಡಿಂಗ್ ಅಂದ್ರಿ, ನಾನು ಕೈ ಬಿಟ್ಟೆ." ಅವನು ಅವಳ ಮುಖ ನೋಡದೆ ಬೈಕಿನ ಮೀಟರು ನೋಡುತ್ತಿದ್ದ. "ಅವತ್ತು ನಮ್ಮಮ್ಮ ಹಿಂದೆ ಕೂತಿದ್ರು. ಕಣ್ಣಿನ ಆಪರೇಷನ್‌ಗೆ ಕರ್ಕೊಂಡು ಬರ್ತಿದ್ದೆ. ಅವತ್ತು ಕಂಡಿತ್ತಲ್ವಾ ಮೇಡಂ?"

"ಕಂಡಿತ್ತು."

ಮಾತು ಎಷ್ಟು ಬೇಗ ಬಂತೆಂದರೆ ಇಬ್ಬರೂ ಬೆಚ್ಚಿದರು.

"ಸರಿ ಹಾಗಾದ್ರೆ," ಎಂದ ಪುರಾಣ. ಹೆಲ್ಮೆಟ್ ಹಾಕಿಕೊಂಡ, ಗಾಜು ಇಳಿಸಿದ. "ಸರಿ ಮೇಡಂ."

ದಾರಿಯುದ್ದಕ್ಕೂ ಅವಳು ಆ ಬೆಳಗನ್ನು ನೆನಪಿಗೆ ತಂದುಕೊಳ್ಳಲು ನೋಡಿದಳು. ಚಪ್ಪಾಳೆ ನೆನಪಿತ್ತು. ಇಳಿದ ಮೇಲೆ ಟರ್ಮಿನಲ್ಲಿಗೆ ಹೋಗುವ ಟ್ಯಾಕ್ಸಿವೇ ಹುಡುಕಲು ಪಟ್ಟ ಪಾಡು ನೆನಪಿತ್ತು. ಚಕ್ರ ತಾಗಿದ್ದು, ಯಾರೋ ಬೆನ್ನು ತಟ್ಟಿದ ಹಾಗೆ ಮೆತ್ತಗೆ ತಾಗಿದ್ದು ನೆನಪಿತ್ತು. ದೀಪವೂ ನೆನಪಿತ್ತು: ಬಿಳಿ ಸಾಲು, ಅಡ್ಡಪಟ್ಟಿ. ಇವತ್ತು ಡಬ್ಬಿಯಲ್ಲಿ ಕಂಡ ಹಾಗೆಯೇ, ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದು ನಿಜವಾದದ್ದು, ಯಾವುದು ಇಲ್ಲದ್ದು ಎಂದು ತಾಯಾಣೆಗೂ ಹೇಳುವ ಹಾಗಿರಲಿಲ್ಲ. ಸಿಗ್ನಲ್ಲಿನಲ್ಲಿ ಹಸಿರು ಬಿದ್ದರೂ ಅವಳು ಕಾರು ಬಿಡಲಿಲ್ಲ. ಹಿಂದಿನವರು ಹಾರ್ನ್ ಒತ್ತಿದ ಮೇಲೂ ಇನ್ನೊಮ್ಮೆ ದಿಟ್ಟಿಸಿ ನೋಡಿ, ಹಸಿರೇ ಹೌದೆಂದು ಖಾತ್ರಿ ಮಾಡಿಕೊಂಡು ಬಿಟ್ಟಳು.

ಮನೆಯಲ್ಲಿ ಗಂಡ ಆಗಲೇ ಆಸ್ಪತ್ರೆಯ ನೀಲಿ ಬಟ್ಟೆಯಲ್ಲಿದ್ದ. ನಿಂತುಕೊಂಡೇ ಊಟ ಮಾಡುತ್ತಿದ್ದ. ಅವಳು ಹೊಸಿಲಿಂದಲೇ ಶುರುಮಾಡಿ ಅಡುಗೆಮನೆ ತಲುಪುವಷ್ಟರಲ್ಲಿ ಎಲ್ಲ ಹೇಳಿ ಮುಗಿಸಿದಳು.

"ಅಭ್ಯಾಸ ಅಂತ ಹೇಳು," ಎಂದ ಅವನೂ. "ನಾವು ಆಸ್ಪತ್ರೇಲಿ ದಿನಾ ಹೇಳಲ್ವಾ? ನೋವಿದೆಯಾ ಅಂತ ಕೇಳ್ತೀವಿ, ಅವರು ಹೂಂ ಅನ್ನೋದರೊಳಗೆ ಕಡಿಮೆಯಾಗುತ್ತೆ ಅಂದುಬಿಡ್ತೀವಿ. ಅದೇನು ಸುಳ್ಳಾ?"

"ಅಭ್ಯಾಸ ಅಂದ್ರೆ ಏನರ್ಥ ಗೊತ್ತಾ? ನೋಡದೇ ಹೇಳೋದು ನನಗೆ ರೂಢಿ ಅಂತ ಒಪ್ಪಿಕೊಂಡ ಹಾಗೆ. ಹಿಂದೆ ಜನ ಇದ್ದಾಗ್ಲೂ ಹಾಗೇ ಹೇಳಿದೀನೋ ಏನೋ."

"ಏನೋ ಅಂತಾನೇ ಹೇಳ್ತಿದೀಯಲ್ಲ. ಆಗಿಲ್ಲದ್ದನ್ನ ಯಾಕೆ ತಲೆ ಮೇಲೆ ಎಳ್ಕೋತೀಯ?" ಅವನು ತಟ್ಟೆ ತೊಳೆಯುತ್ತ ಬೆನ್ನು ಮಾಡಿಯೇ ಮಾತಾಡಿದ. "ನಂಗೆ ಹಗಲು ಪಾಳಿ ಕೊಡಲ್ಲ. ಕೇಳಿ ಕೇಳಿ ಬಾಯಿ ಸವೆದಿದೆ. ನೀನು ಆ ಕಡೆ ಹೋದ್ರೆ ಇವಳು ನಿಮ್ಮಕ್ಕನ ಮನೆ. ಅದನ್ನೂ ನೆನಪಿಟ್ಕೋ. ನಾನೇನು ಹೆದರಿಸ್ತಿಲ್ಲ."

"ಹೆದರಿಸ್ತಿದೀಯ."

"ಸರಿ, ಹೆದರಿಸ್ತಿದೀನಿ," ಎಂದು ಒದ್ದೆ ಕೈಯಲ್ಲೇ ಅವಳ ಕೆನ್ನೆ ತಟ್ಟಿ ಹೊರಟುಹೋದ.

ಪುಟ್ಟಿ ಒಳಗಿನ ಕೋಣೆಯಲ್ಲಿ ದಿಂಬುಗಳನ್ನು ನೆಲಕ್ಕೆ ಜೋಡಿಸುತ್ತಿದ್ದಳು. ಶಾಲೆಯಲ್ಲಿ ಯಾರೋ ಗೋಡೆಗೆ ಕಾಲು ಕೊಟ್ಟು ತಲೆಕೆಳಗಾಗಿ ನಿಲ್ಲುವುದನ್ನು ಕಲಿಸಿದ್ದರು.

"ಅಮ್ಮಾ, ನೋಡು ನೋಡು!"

"ನೋಡ್ದೆ ಪುಟ್ಟಿ. ಸೂಪರ್," ಎಂದಳು ಅವಳು ಬಟ್ಟೆಯ ರಾಶಿಯಿಂದ ಒಂದು ಕಾಲುಚೀಲದ ಜೋಡಿ ಹುಡುಕುತ್ತ.

"ಏನ್ ನೋಡ್ದೆ?"

"ತಲೆಕೆಳಗೆ ನಿಂತಿದ್ದು."

"ನಾನಿನ್ನೂ ನಿಂತೇ ಇಲ್ಲ!" ಪುಟ್ಟಿ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗೆ ನಿಂತಿದ್ದಳು. ಸಿಟ್ಟೇನೂ ಇರಲಿಲ್ಲ, ಗೊತ್ತಿದ್ದದ್ದನ್ನು ಹೇಳುವ ದನಿ. "ನೀನು ಯಾವಾಗ್ಲೂ ಹಿಂಗೇ ಅಮ್ಮ. ಮೊದಲೇ ನೋಡಿಬಿಡ್ತೀಯ."

ಅವಳು ಕಾಲುಚೀಲ ಕೆಳಗಿಟ್ಟು ಮಂಚದ ಅಂಚಿನಲ್ಲಿ ಕೂತಳು. ಪುಟ್ಟಿ ಕೈಯೂರಿದಳು, ಕಾಲು ಚಿಮ್ಮಿದಳು, ಬಿದ್ದಳು. ಮತ್ತೆ ಚಿಮ್ಮಿದಳು. ಗೋಡೆಯ ಮೇಲೆ ಹಿಮ್ಮಡಿಯ ಕರಿ ಗುರುತುಗಳು ಮೂಡಿದವು. ಅವಳು ಕಣ್ಣು ಬಿಟ್ಟೇ ಕೂತಿದ್ದಳು. ಆದರೂ ಒಂದೊಂದು ಸಲವೂ ಪುಟ್ಟಿಯ ಕಾಲು ನೆಲ ಬಿಡುವ ಮೊದಲೇ ಗೋಡೆಯ ಮೇಲೆ ಎರಡು ಪಾದ ನಿಂತಿರುವುದು ಕಾಣಿಸುತ್ತಿತ್ತು. ಹಾಗೆ ಕಾಣಿಸದಿರಲಿ ಎಂದು ಎಷ್ಟು ಗಟ್ಟಿಯಾಗಿ ನೋಡಿದರೂ ಕಾಣಿಸುತ್ತಿತ್ತು. ಇದರಿಂದ ಹೊರಗೆ ಬರುವ ದಾರಿ ಎಲ್ಲಿದೆ ಎಂದು ತಿಳಿಯಲಿಲ್ಲ. ಕಣ್ಣು ಮುಚ್ಚಿದರೆ ಏನೂ ಕಾಣದು, ತೆರೆದರೆ ಬೇಕಾದ್ದೇ ಕಾಣುತ್ತದೆ.

"ಈಗ?" ಎಂದು ಪುಟ್ಟಿ ತಲೆಕೆಳಗಾಗಿ ಕೇಳಿದಳು. ಮುಖವೆಲ್ಲ ಕೆಂಪಗಾಗಿತ್ತು.

"ಈಗ ನಿಂತಿದೀಯ," ಎಂದಳು ಅವಳು, ಎದ್ದು ಹೋಗಿ ಕಾಲು ಮುಟ್ಟಿ ನೋಡಿ.

ಬೆಳಿಗ್ಗೆ ಮಂಜಪ್ಪ ಶೆಡ್ಡಿನ ಬಾಗಿಲಲ್ಲೇ ಸಿಕ್ಕರು. "ಏನು ಬರ್ಕೊಳ್ಳಲಿ?"

"ಇನ್ನೂ ಗೊತ್ತಿಲ್ಲ ಸರ್. ಒಂದು ಉಪಕಾರ ಮಾಡಿ. ಬರೆಯೋ ಮುಂಚೆ ಇನ್ನೊಂದು ಸಲ ಕೂರಿಸಿ. ದೀಪ ಹಾಕ್ತೀರೋ ಬಿಡ್ತೀರೋ ನಿಮ್ಮಿಷ್ಟ, ನನಗೆ ಹೇಳ್ಬೇಡಿ."

ಮಂಜಪ್ಪ ಗಡಿಯಾರ ನೋಡಿದರು, ಮುಂದಿನ ಜೋಡಿ ಬರುವುದಕ್ಕೆ ಇನ್ನೂ ಹೊತ್ತಿತ್ತು. "ಇದನ್ನೇ ಮರುಪರೀಕ್ಷೆ ಅಂತ ಲೆಕ್ಕಕ್ಕೆ ತಗೋತೀನಿ. ಇಳಿಸಿದ್ರೆ ಪಾಸ್. ಕಾರಣಗಿರಣ ಏನೂ ಬರೆಯಲ್ಲ, ಹೋಗಿ ಮಗಳ ಜೊತೆ ಇರಿ." ಆಮೇಲೆ ತಿರುಗಿ, "ಪುರಾಣ ಎಲ್ಲಿ?" ಎಂದರು.

ಪುರಾಣ ಕರೆಯುವ ಮುಂಚೆಯೇ ಬಂದು ನಿಂತಿದ್ದ. ರಜೆಯ ದಿನ, ಚಪ್ಪಲಿಯಲ್ಲಿ ಬಂದಿದ್ದ.

ಡಬ್ಬಿಯ ಬಾಗಿಲು ಮುಚ್ಚಿತು. ಒಳಗೆ ಹಳೆಯ ಬೆವರು, ಬಿಸಿಯಾದ ಪ್ಲಾಸ್ಟಿಕ್ಕಿನ ವಾಸನೆ. ಉಕ್ಕಿನ ಕಾಲುಗಳು ಉಸಿರು ಬಿಟ್ಟು ಎದ್ದವು.

ಮೊದಲ ಸಲ ಇಳಿದು ಬಂದಾಗ ಗಾಜಿನಲ್ಲಿ ಬೂದು, ಬರೀ ಬೂದುಬಣ್ಣ. "ಮಿನಿಮಮ್" ಎಂದಿತು ವಿಮಾನ. ಅವಳು ಹಲ್ಲು ಕಚ್ಚಿ ಕೂತಳು. ಪುರಾಣ ಎತ್ತಿದ. ಹಿಂದಿನಿಂದ ಸದ್ದಿಲ್ಲ.

ಎರಡನೇ ಸಲ ದೀಪ ಬಂತು. ಸಾಲು, ಅಡ್ಡಪಟ್ಟಿ, ಎಲ್ಲ. ನೀನು ಇದ್ದೀಯಾ, ಇಲ್ವಾ ಎಂದು ಅವಳು ಅದನ್ನು ಕೇಳುತ್ತಿರುವಷ್ಟರಲ್ಲಿ "ಮಿನಿಮಮ್" ಆಗಿ ಪುರಾಣ ಎತ್ತಿಬಿಟ್ಟಿದ್ದ.

"ಕ್ಯಾಪ್ಟನ್, ಹಗಲು ಮಾಡಿದ ಹಾಗೆ ದೀಪ ಹಾಕಿದ್ದೆ," ಎಂದರು ಮಂಜಪ್ಪ.

"ಹೇಳ್ಬೇಡಿ ಅಂದಿದ್ದೆ ಸರ್."

"ಆಯ್ತು ಆಯ್ತು. ಇನ್ನೊಂದು. ಇದೇ ಕೊನೆ, ಮುಂದಿನವರು ಬಂದು ಕಾಯ್ತಿದಾರೆ."

ಮತ್ತೆ ಸುತ್ತು ಹಾಕಿ ಬಂದರು. ಪುರಾಣ ಒಂದೊಂದೇ ಎತ್ತರ ಓದುತ್ತ ಬಂದ. ಅವನ ದನಿಯಲ್ಲಿ ಕಥೆ ಹೇಳುವ ಗತ್ತು ಒಂದು ಚೂರೂ ಇರಲಿಲ್ಲ. ಅವಳು ಬೂದುಬಣ್ಣದೊಳಗೆ ಕಣ್ಣು ನೆಟ್ಟು ಕೂತಿದ್ದಳು. ಸೋಫಾದ ಪಕ್ಕ ನಿಂತ ಪುಟ್ಟಿಯನ್ನು ನೆನೆಯಬಾರದು ಅಂದುಕೊಂಡಳು, ನೆನೆದಳು.

"ಮಿನಿಮಮ್."

"ಲ್ಯಾಂಡಿಂಗ್," ಎಂದಳು.

ಕೈ ಹಿಡಿಕೆಗೆ ಹೋಯಿತು, ಪುರಾಣ ಬಿಟ್ಟ. ದೀಪಗಳು ಇದ್ದವು. ಸಾಲು ಹೊಟ್ಟೆಯ ಕೆಳಗೆ ನುಗ್ಗಿ ಹೋಯಿತು, ರನ್‌ವೇಯ ಅಂಚಿನ ಹಸಿರು ಬಂತು, ನಡುಗೆರೆ ಬಂತು, ಚಕ್ರ ತಾಗಿತು. ನಡುಗೆರೆಯ ಮೇಲೇ, ಕೂದಲಷ್ಟೂ ಆಚೀಚೆಯಿಲ್ಲ. ಪುರಾಣ "ಹಾ!" ಎಂದು ತೊಡೆ ತಟ್ಟಿಕೊಂಡ.

"ಬಂತು ನೋಡಿ!" ಮಂಜಪ್ಪನವರ ದನಿಯಲ್ಲಿ ನಿಜವಾದ ಖುಷಿ. "ಸುಮ್ಮನೆ ಒಂದು ದಿನ ನಿದ್ದೆ ಕೆಡಿಸಿದ್ರಿ. ಪಾಸು. ಏಳಿ, ಏಳಿ, ಜಾಗ ಬಿಡಿ."

ಅವಳು ಏಳಲಿಲ್ಲ.

"ಸರ್, ಮಾತು ಮುಂದೆ ಬಂತು."

"ಏನು?"

"ನಾನು ಲ್ಯಾಂಡಿಂಗ್ ಅಂದೆ. ಆಮೇಲೆ ದೀಪ ಕಂಡಿತು."

ಮುಂದಿನ ಗಾಜಿನಲ್ಲಿ ರನ್‌ವೇ ಮಂಜಿನೊಳಗೆ ಹೋಗಿ ಮುಗಿದಿತ್ತು.

"ಅದು ನಿಮಗೆ ಅನ್ನಿಸೋದು," ಎಂದರು ಕೊನೆಗೆ ಮಂಜಪ್ಪ. "ನನ್ನ ಪರದೆಯಲ್ಲಿ ಸರಿಯಾಗಿದೆ. ಮಾತು ಹೊತ್ತಿಗೆ ಸರಿಯಾಗಿ ಬಂದಿದೆ, ದೀಪ ಇತ್ತು, ವಿಮಾನ ಇಳೀತು. ಒಳಗೆ ಯಾವುದು ಮೊದಲು ಯಾವುದು ಆಮೇಲೆ ಅಂತ ಅಳೆಯೋ ಯಂತ್ರ ನನ್ನ ಹತ್ರ ಇಲ್ಲ. ಯಾರ ಹತ್ರಾನೂ ಇಲ್ಲ."

"ಅದಕ್ಕೇ ನಾನು ಹೇಳ್ತಿರೋದು."

"ನೀವು ಹೇಳದಿದ್ರೆ ಯಾರಿಗೂ ಗೊತ್ತಾಗಲ್ಲಮ್ಮ."

"ಹೌದು ಸರ್."

ಅವಳು ಪಕ್ಕಕ್ಕೆ ನೋಡಿದಳು. ಪುರಾಣ ಮೊದಲ ಸಲ ಅವಳನ್ನೇ ನೋಡುತ್ತಿದ್ದ. ಅವನು ಏನನ್ನೂ ಕೇಳಲಿಲ್ಲ. ಆದರೂ ಅವಳು, "ನಿಮ್ಮಮ್ಮ ಬಂದ ದಿನದ್ದೂ ನಂಗೆ ಗೊತ್ತಿಲ್ಲ ಕಣಪ್ಪ," ಎಂದಳು. ಅವನು ತಲೆ ಆಡಿಸಿ ಚಪ್ಪಲಿಯೊಳಗೆ ಕಾಲಬೆರಳು ಮಡಿಸಿಕೊಂಡ.

ಮಂಜಪ್ಪ ಪಾಸು ಎಂದು ಬರೆಯಲೂ ಇಲ್ಲ, ಡಾಕ್ಟರ ಹತ್ತಿರ ಕಳಿಸಿದೆ ಎಂದು ಬರೆಯಲೂ ಇಲ್ಲ. ಕ್ಯಾಪ್ಟನ್ ತಾವಾಗಿಯೇ ಮಂಜಿನ ಅರ್ಹತೆ ಬಿಟ್ಟುಕೊಟ್ಟಿದ್ದಾರೆ ಎಂದು ಬರೆದರು. ಅದಕ್ಕೆ ಜಾಗವಿತ್ತು. ಈವರೆಗೆ ಅದನ್ನು ಯಾರೂ ಬಳಸಿರಲಿಲ್ಲ ಅಷ್ಟೇ. "ಹುಚ್ಚು ಹೆಂಗಸು," ಎಂದರು ಬರೆಯುತ್ತ, ಅವಳಿಗೆ ಕೇಳುವ ಹಾಗೆಯೇ.

ಗಂಡ ಜಗಳವಾಡಲಿಲ್ಲ. ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ಪುಟ್ಟಿಯ ಬಟ್ಟೆ ತುಂಬಲು ದೊಡ್ಡ ಸೂಟ್‌ಕೇಸ್ ಅಟ್ಟದಿಂದ ಇಳಿಸಿದ.

ಕರಾವಳಿಯ ಊರಿನಲ್ಲಿ ಆಕಾಶ ತೊಳೆದಿಟ್ಟ ಹಾಗಿತ್ತು. ರನ್‌ವೇ ಎಷ್ಟು ದೂರದಿಂದ ಕಾಣುತ್ತಿತ್ತೆಂದರೆ ಇಳಿಸುವುದರಲ್ಲಿ ಯಾವ ಹೆಚ್ಚುಗಾರಿಕೆಯೂ ಇರಲಿಲ್ಲ. ಸಿಬ್ಬಂದಿಯ ವಸತಿಯಲ್ಲಿ ಒಂದು ಮಂಚ, ಒಂದು ಕೆಟಲ್, ಸಮುದ್ರಕ್ಕೆ ಬೆನ್ನು ಹಾಕಿದ ಕಿಟಕಿ. ಸಂಜೆ ಫೋನಿನಲ್ಲಿ ಪುಟ್ಟಿ ದೊಡ್ಡಮ್ಮನ ಮನೆಯಿಂದ ಸಣ್ಣ ದನಿಯಲ್ಲಿ, ಪೂರ್ತಿ ವಾಕ್ಯಗಳಲ್ಲಿ ಮಾತಾಡುತ್ತಿದ್ದಳು. "ನಾನು ಚೆನ್ನಾಗಿದ್ದೇನೆ. ನೀನು ಚೆನ್ನಾಗಿದ್ದೀಯಾ?"

ಮೊದಲ ರಜೆ ಸಿಕ್ಕ ದಿನ ಅವಳು ಊರಿಗೆ ಹೋಗುವ ನಸುಕಿನ ವಿಮಾನ ಹತ್ತಿದಳು. ಸಮವಸ್ತ್ರವಿಲ್ಲ, ಸಿಕ್ಕಿದ್ದು ನಡುವಿನ ಸೀಟು. ಎಡಗಡೆ ನಿದ್ದೆ ಹೊಡೆಯುತ್ತಿದ್ದ ಹುಡುಗಿ, ಬಲಗಡೆ ಕಿಟಕಿಯ ಪಕ್ಕ ಒಬ್ಬರು ದಪ್ಪನೆಯ ಹಿರಿಯರು. ಮಗಳ ಮನೆಗೆ ಹೊರಟಿದ್ದೇನೆಂದು ಬೆಲ್ಟು ಹಾಕುವ ಮೊದಲೇ ಹೇಳಿದ್ದರು. ಗಂಡ ಪುಟ್ಟಿಯನ್ನು ಅಕ್ಕನ ಮನೆಯಿಂದ ಕರೆದುಕೊಂಡು ಊರಿನ ವಿಮಾನನಿಲ್ದಾಣಕ್ಕೆ ಬಂದಿದ್ದ. ಹತ್ತುವ ಮೊದಲು ಸಂದೇಶ ನೋಡಿದ್ದಳು: ಇಲ್ಲಿ ಗೋಡೆ ಹಾಗೆ ಮಂಜು, ಇವಳು ಗಾಜಿಗೆ ಮೂಗು ಒತ್ತಿ ನಿಂತಿದಾಳೆ.

ವಿಮಾನ ಮೋಡದಂಥದ್ದರೊಳಗೆ ಇಳಿಯಿತು. ಕಿಟಕಿ ಬೆಳ್ಳಗಾಯಿತು. ಚಕ್ರ ಇಳಿದ ಸದ್ದು, ರೆಕ್ಕೆಯ ಪಟ್ಟಿಗಳು ಹರಡಿದ ಸದ್ದು, ಎಲ್ಲ ಕೂತಲ್ಲೇ ತಿಳಿಯುತ್ತಿತ್ತು. ಮುಂದೆ, ಬೀಗ ಹಾಕಿದ ಬಾಗಿಲಾಚೆ, ಅವಳಿಗೆ ಗುರುತಿಲ್ಲದ ಯಾರೋ ಕಣ್ಣು ಹೊರಗಿಟ್ಟು ಕೂತಿದ್ದರು.

ಎಂಜಿನ್ ಗರ್ಜಿಸಿತು. ಎಲ್ಲರ ಬೆನ್ನೂ ಸೀಟಿಗೆ ಒತ್ತಿಕೊಂಡಿತು. ವಿಮಾನ ಮೇಲಕ್ಕೆದ್ದಿತು.

"ಅಯ್ಯೋ, ಇದೇನಿದು?" ಎಂದರು ಹಿರಿಯರು. "ಇಳಿಸೋಕೆ ಬರದವರನ್ನೆಲ್ಲ ಕೂರಿಸ್ತಾರಲ್ಲ!"

ಸ್ಪೀಕರಿನಲ್ಲಿ ಕ್ಯಾಪ್ಟನ್ನಿನ ದನಿ ಬಂತು. ದೀಪ ಕಾಣಲಿಲ್ಲ, ಇನ್ನೊಂದು ಪ್ರಯತ್ನ ಮಾಡುತ್ತೇವೆ, ಆಗದಿದ್ದರೆ ಬೇರೆ ಊರಿಗೆ. ಅವಳಿಗೆ ಸಿಟ್ಟು ಬಂತು. ಬರಬಾರದು, ಆದರೂ ಬಂತು. ಕಾಣಲಿಲ್ಲ ಅಂತೆ. ಎಂಥ ಕಣ್ಣಿವನದು? ಬಂದಿದ್ದೇ ಬಂದಿದ್ದೀಯ, ಒಂದು ಮಾತು ಅಂದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

ಮತ್ತೆ ಸುತ್ತು ಹಾಕಿ ಇಳಿಯತೊಡಗಿತು. ಜನ ಮಾತು ನಿಲ್ಲಿಸಿದ್ದರು. ಚಕ್ರ. ಪಟ್ಟಿಗಳು. ಇಳಿಜಾರು. ಕೆಳಗೆಲ್ಲೋ ಗಾಜಿಗೆ ಒತ್ತಿದ ಒಂದು ಪುಟ್ಟ ಮೂಗು. ಅವಳು ಕಿಟಕಿಯ ಕಡೆಗೂ ನೋಡಲಿಲ್ಲ. ಮುಂದಿನ ಸೀಟಿನ ಬೆನ್ನು, ಅದರ ಮಡಿಸಿದ ಟ್ರೇ, ಅಷ್ಟೇ ಕಣ್ಣೆದುರಿಗಿದ್ದದ್ದು. ಈಗ ನೂರಡಿ ಎಂದು ಮೈಗೆ ತಿಳಿಯಿತು. ಅದೇ ಹೊತ್ತಿಗೆ ಅವಳ ತುಟಿ ಬಿಚ್ಚಿತು, ನಾಲಿಗೆ ಹಲ್ಲಿನ ಹಿಂದೆ ತಾಗಿತು, "ಲ್ಯಾಂ" ಎನ್ನುವಷ್ಟು ದನಿ ಹೊರಗೆ ಬಂದೇಬಿಟ್ಟಿತ್ತು. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಎಂಜಿನ್ ಮತ್ತೆ ಗರ್ಜಿಸಿತು. ವಿಮಾನ ಮೂತಿ ಎತ್ತಿ ಬೇರೆ ಊರಿನ ಕಡೆ ತಿರುಗಿತು.

ಹಿರಿಯರು ಅವಳನ್ನು ನೋಡಿ ಗಾಬರಿಯಾದರು. ಮುಂದಿನ ಸೀಟಿನ ಚೀಲದಿಂದ ಅವಸರವಸರವಾಗಿ ವಾಂತಿಯ ಕಾಗದದ ಚೀಲ ಎಳೆದು, ಬಾಯಿ ಅಗಲಿಸಿ ಅವಳ ಮುಂದೆ ಹಿಡಿದರು.

"ತಗೊಳ್ಳಿ ತಾಯಿ, ನಾಚ್ಕೋಬೇಡಿ. ಬರೋದನ್ನ ತಡೀಬಾರದು, ಆಚೆ ಹೋದ್ರೇ ಒಳ್ಳೇದು."

ಅವಳು ಒಂದು ಕೈಯನ್ನು ಬಾಯ ಮೇಲಿಂದ ತೆಗೆಯದೆ, ಇನ್ನೊಂದು ಕೈಯಲ್ಲಿ ಚೀಲ ತೆಗೆದುಕೊಂಡಳು. ಬೇಡವೆಂದು ತಲೆಯಾಡಿಸಿದಳು. ಹಿರಿಯರು ಒಪ್ಪಲಿಲ್ಲ, ವಿಮಾನ ಬಿಸಿಲಿಗೆ ಬರುವ ತನಕ ಅವಳ ಬೆನ್ನು ಸವರುತ್ತಲೇ ಇದ್ದರು.